ಬಡಾವಣೆಗೆ ಆಟದ ಮೈದಾನ ಬೇಕಾ? ಅರ್ಜಿ ಬರೆಯೋಕ್ ಮುಂಚೆ ನಕ್ಷೆ ತಗೊಳ್ಳಿ

ನಮ್ಮ ಬಡಾವಣೆ ಮೈಸೂರು ರಿಂಗ್ ರೋಡ್ ಹತ್ರ. ನಾವು ಮನೆ ಕಟ್ಕೊಂಡು ಬಂದಾಗ ಎದುರುಗಡೆ ದೊಡ್ಡದೊಂದು ಖಾಲಿ ಜಾಗ ಇತ್ತು, ತುಂಬ ಪಾರ್ಥೇನಿಯಂ ಬೆಳ್ಕೊಂಡಿತ್ತು, ಒಂದು ಮೂಲೇಲಿ ಯಾರೋ ಕಟ್ಟಡ ಒಡೆದ ಇಟ್ಟಿಗೆ ತಂದು ಸುರಿದಿದ್ರು, ಆದ್ರೂ ಎಲ್ರೂ ಅದನ್ನ ಪಾರ್ಕ್ ಜಾಗ ಅಂತಾನೇ ಕರೀತಿದ್ರು. ಸಂಜೆ ಆದ್ರೆ ಮಕ್ಕಳು ರೋಡಲ್ಲೇ ಶಟಲ್ ಆಡೋದು, ಗಾಡಿ ಬಂದ್ರೆ ಪಕ್ಕಕ್ಕೆ ಸರಿಯೋದು, ಮತ್ತೆ ಆಡೋದು. ಒಂದಿನ ಸ್ಕೂಟರ್ ತಗುಲಿ ನಮ್ಮ ಪಕ್ಕದ ಮನೆ ಹುಡುಗನ ಮೊಣಕೈ ಮುರೀತು. ಆವತ್ತು ರಾತ್ರಿನೇ ಎಲ್ಲಾ ಸೇರಿ ಅರ್ಜಿ ಬರೆದ್ವಿ, ಮನೆ ಮನೆ ತಿರುಗಿ 140 ಸಹಿ ಹಾಕಿಸಿದ್ವಿ, ತಗೊಂಡು ಹೋಗಿ ಒಂದು ಆಫೀಸಲ್ಲಿ ಕೊಟ್ವಿ. ಅಲ್ಲಿನವರು ಓದಿ ಕೇಳಿದ್ದು ಒಂದೇ ಪ್ರಶ್ನೆ, ‘ಸರ್ವೆ ನಂಬರ್ ಎಷ್ಟು, ನಕ್ಷೆಲಿ ಅದು ಪಾರ್ಕಾ ಸಿಎನಾ?’ ಸಿಎ ಅಂದ್ರೆ ಶಾಲೆ, ಆಸ್ಪತ್ರೆ ಥರದ್ದಕ್ಕೆ ಬಿಟ್ಟಿರೋ ಸೈಟ್ ಅನ್ನೋದೂ ನಮ್ಮಲ್ಲಿ ಒಬ್ರಿಗೂ ಗೊತ್ತಿರ್ಲಿಲ್ಲ. ಆ ಅರ್ಜಿ ಅಲ್ಲೇ ಉಳೀತು, ಮೂರ್ ಸಲ ಹೋದ್ರೂ ಫೈಲ್ ಸಿಗ್ಲಿಲ್ಲ.

ಆಮೇಲೆ ಎರಡು ವರ್ಷ ಓಡಾಡಿ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ. ನಿಮ್ಮ ಏರಿಯಾಗೆ ಮೈದಾನ, ಶಟಲ್ ಕೋರ್ಟ್, ಓಪನ್ ಜಿಮ್, ವಾಕಿಂಗ್ ಪಾತ್ ಏನೇ ಬೇಕಾದ್ರೂ ದಾರಿ ಇದೇನೇ. ಯಾರಾದ್ರೂ ಪಕ್ಕದ ಜಾಗದಲ್ಲಿ ದುಡ್ಡು ತಗೊಂಡು ಆಡಿಸೋ ಟರ್ಫ್ ಹಾಕ್ತಿದಾರೆ, ಅದು ಸರಿನಾ ತಪ್ಪಾ ಅಂತ ನೋಡ್ಬೇಕು ಅಂದ್ರೂ ಶುರು ಮಾಡೋದು ಇಲ್ಲಿಂದಾನೇ.

ಮೊದಲ್ನೇದು, ಜಾಗ ಯಾರ್ದು. ಮಂಡ್ಯದಲ್ಲಿರೋ ನಮ್ಮ ದೊಡ್ಡಪ್ಪ ಕಂದಾಯ ಇಲಾಖೇಲಿದ್ದು ರಿಟೈರ್ ಆದವರು, ನಾನು ಫೋನಲ್ಲಿ ಅತ್ಕೊಂಡು ಹೇಳಿದಾಗ ಅವರು ಹೇಳಿದ್ದು ಇಷ್ಟೇ, ‘ಜಾಗ ಯಾರ್ದು ಅಂತ ಗೊತ್ತಿಲ್ದೆ ಅರ್ಜಿ ಕೊಟ್ರೆ ಯಾರ್ ಓದಾರು ಕಣವ್ವ, ಮೊದ್ಲು ಪಾಣಿ ನೋಡು, ಆಮೇಲ್ ನಕ್ಸೆ ನೋಡು.’ ಅವರ ಮಾತು ಹಿಡ್ಕೊಂಡೇ ನಾವು ಮುಂದಕ್ಕೆ ಹೋಗಿದ್ದು.

ಫೋನಲ್ಲಿ ದಿಶಾಂಕ್ ಆ್ಯಪ್ ಹಾಕ್ಕೊಳ್ಳಿ, ಸರ್ಕಾರದ್ದೇ ಅದು, ಫ್ರೀ. ಆ ಜಾಗದ ಮೇಲೆ ನಿಂತ್ಕೊಂಡು ಓಪನ್ ಮಾಡಿದ್ರೆ ಸರ್ವೆ ನಂಬರ್ ತೋರ್ಸತ್ತೆ. ಆ ನಂಬರ್ ಇಟ್ಕೊಂಡು ಭೂಮಿ ವೆಬ್‌ಸೈಟಲ್ಲಿ ಪಹಣಿ ತೆಗೀರಿ. ಪಹಣೀಲಿ ಖರಾಬು ಅಂತ ಒಂದು ಕಾಲಂ ಇರತ್ತೆ, ಅದನ್ನ ಬಿಟ್ಟು ಓದ್ಬೇಡಿ. ಎ ಖರಾಬು ಅಂದ್ರೆ ಸಾಗುವಳಿಗೆ ಬರದ ಜಾಗ, ಬಿ ಖರಾಬು ಅಂದ್ರೆ ದಾರಿ, ಹಳ್ಳ, ಕೆರೆ, ಸ್ಮಶಾನ ಈ ಥರ ಸಾರ್ವಜನಿಕರಿಗೆ ಅಂತ ಬಿಟ್ಟಿರೋದು. ಬಡಾವಣೆ ಮಧ್ಯದಲ್ಲಿ ಹಳೇ ಬಿ ಖರಾಬು ಸಿಕ್ಕಿಹಾಕ್ಕೊಂಡಿರೋದು ಮೈಸೂರು ಸುತ್ತ ಬೇಕಾದಷ್ಟಿದೆ, ಯಾಕಂದ್ರೆ ಎಲ್ಲಾ ಮೊದಲು ಹೊಲ ಗದ್ದೆ ಇದ್ದ ಜಾಗಾನೇ ಅಲ್ವಾ.

ಆಮೇಲೆ ಬಡಾವಣೆ ಯಾರು ಮಾಡಿದ್ದು ಅಂತ ತಿಳ್ಕೊಳ್ಳಿ. ಮುಡಾ ಮಾಡಿದ್ದಾ, ಪ್ರೈವೇಟ್ ಡೆವಲಪರ್ ಮಾಡಿದ್ದಾ, ಗೃಹ ನಿರ್ಮಾಣ ಸಹಕಾರ ಸಂಘದ್ದಾ, ಇಲ್ಲಾ ನಕ್ಷೆ ಮಂಜೂರಾಗದೇ ಮಾಡಿದ ರೆವಿನ್ಯೂ ಸೈಟಾ. ಮುಡಾ ಈಗ ಎಂಡಿಎ ಆಗಿದೆ, ಮೈಸೂರು ಅಭಿವೃದ್ಧಿ ಪ್ರಾಧಿಕಾರ, ಆದ್ರೆ ನಮ್ಮ ಬಾಯಲ್ಲಿ ಇನ್ನೂ ಮುಡಾನೇ. ಮಂಡ್ಯದಲ್ಲಿ ಕೂಡ ಮುಡಾ ಇದೆ, ಅದು ಮಂಡ್ಯ ನಗರಾಭಿವೃದ್ಧಿ ಪ್ರಾಧಿಕಾರ, ಲೆಟರ್ ಬರೆಯುವಾಗ ಪೂರ್ತಿ ಹೆಸರು ಬರೀರಿ. ನಕ್ಷೆ ಮಂಜೂರು ಮಾಡೋದು ಪ್ರಾಧಿಕಾರ. ಕೆಲಸ ಮುಗಿದ ಮೇಲೆ ರೋಡು, ಪಾರ್ಕು, ಚರಂಡಿ ಎಲ್ಲಾ ನಗರಪಾಲಿಕೆಗೋ ನಗರಸಭೆಗೋ ಹಸ್ತಾಂತರ ಆಗ್ಬೇಕು. ಆಗಿಲ್ಲ ಅಂದ್ರೆ ಪಾಲಿಕೆಯವರು ಅಲ್ಲಿ ಒಂದು ಕಲ್ಲುಬೆಂಚು ಕೂಡ ಹಾಕಲ್ಲ, ಹಾಕೋಕ್ಕೂ ಬರಲ್ಲ ಅವರಿಗೆ. ಮೈಸೂರಲ್ಲಿ ಇದಿನ್ನೂ ಗೋಜಲು ಯಾಕಂದ್ರೆ 2020ರಲ್ಲಿ ಹೂಟಗಳ್ಳಿ ನಗರಸಭೆ ಆಯ್ತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯ್ತಿ ಆದ್ವು, ಈಗ ಎಲ್ಲಾ ಸೇರಿಸಿ ಬೃಹತ್ ಮೈಸೂರು ಮಾಡೋ ಮಾತಿದೆ. ನಿಮ್ಮ ಕಂದಾಯ ರಸೀದೀಲಿ ಯಾವ ಆಫೀಸ್ ಹೆಸರಿದೆ ನೋಡ್ಕೊಂಡು ಅಲ್ಲಿಂದ ಶುರು ಮಾಡಿ.

ಪ್ರೈವೇಟ್ ಲೇಔಟ್ ಆದ್ರೆ ಒಂದು ಕಾಗದ ಹುಡುಕ್ಲೇಬೇಕು, ರಿಲಿಂಕ್ವಿಶ್‌ಮೆಂಟ್ ಡೀಡ್ ಅಂತ. ರೋಡು, ಪಾರ್ಕು, ಖುಲ್ಲಾ ಜಾಗಾನ ಡೆವಲಪರ್ ದುಡ್ಡಿಲ್ದೆ ಬಿಟ್ಟುಕೊಟ್ಟಿದೀನಿ ಅಂತ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಕೊಡೋ ಪತ್ರ ಅದು. ಆ ಪತ್ರ ಆಗಿದ್ರೆ ಆ ಪಾರ್ಕ್ ಜಾಗದ ಮೇಲೆ ಡೆವಲಪರ್‌ಗೆ ಹಕ್ಕಿಲ್ಲ. ಆಗಿಲ್ದೇ ಇದ್ರೆ ಹತ್ತು ವರ್ಷ ಆದ್ಮೇಲೆ ಅವರ ಮಕ್ಕಳು ಬಂದು ಬೇಲಿ ಹಾಕ್ತಾರೆ, ನಮ್ಮ ಪಕ್ಕದ ಬಡಾವಣೇಲಿ ಹಾಗೇ ಆಯ್ತು, ಈಗ ಕೋರ್ಟಲ್ಲಿದೆ, ಮಕ್ಕಳು ಬೇಲಿ ಆಚೆ ನಿಂತು ನೋಡ್ತವೆ.

ಈಗ ನಕ್ಷೆ. ಅನುಮೋದಿತ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ ಬೇಕು, ವಾಟ್ಸಾಪಲ್ಲಿ ಯಾರೋ ಕಳಿಸಿದ ಫೋಟೋ ಆಗಲ್ಲ, ಸೈಟ್ ಮಾರುವಾಗ ಏಜೆಂಟ್ ಕೊಟ್ಟ ಕಲರ್ ಬ್ರೋಷರ್ ಅಂತೂ ಮುಟ್ಲೇಬೇಡಿ. ಕೌಂಟರಲ್ಲಿ ಕೇಳಿ, ಕೊಟ್ರೆ ಸಂತೋಷ. ಕೊಡ್ಲಿಲ್ಲ ಅಂದ್ರೆ ಆರ್‌ಟಿಐ ಹಾಕಿ, 10 ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ಇಟ್ರೂ ಆಗತ್ತೆ, ಆನ್‌ಲೈನಲ್ಲೂ ಹಾಕಬಹುದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಈ ಕಾರಣಕ್ಕೇ ಎಷ್ಟೋ ಜನರ ಅರ್ಜಿ ವಾಪಸ್ ಬರತ್ತೆ. ನಮ್ಮ ಕಷ್ಟ, ಮಕ್ಕಳ ಕಷ್ಟ, ಮೊಣಕೈ ಮುರಿದಿದ್ದು ಇದ್ಯಾವುದೂ ಅದ್ರಲ್ಲಿ ಬರೀಬೇಡಿ. ನಾವು ಬರೆದಿದ್ದು ಹೀಗಿತ್ತು:

‘ಸರ್ವೆ ನಂಬರ್ ಇಂತಿಷ್ಟು, ಇಂಥ ಗ್ರಾಮ, ಇಂಥ ಹೋಬಳಿಯಲ್ಲಿ ರಚನೆಯಾಗಿರುವ ವಸತಿ ಬಡಾವಣೆಯ ಅನುಮೋದಿತ ನಕ್ಷೆಯ ದೃಢೀಕೃತ ಪ್ರತಿ, ಉದ್ಯಾನ, ಆಟದ ಮೈದಾನ ಮತ್ತು ನಾಗರಿಕ ಸೌಲಭ್ಯ ನಿವೇಶನಗಳ ಸಂಖ್ಯೆ, ಅಳತೆ ಮತ್ತು ಚೆಕ್ಕುಬಂದಿ, ಹಾಗೂ ಸದರಿ ಸ್ವತ್ತುಗಳನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸಿದ ಆದೇಶದ ಪ್ರತಿ ಒದಗಿಸಲು ಕೋರಿದೆ.’

ಅಷ್ಟೇ. 30 ದಿನದೊಳಗೆ ಉತ್ತರ ಬರ್ಬೇಕು. ಬರ್ಲಿಲ್ಲ ಅಂದ್ರೆ ಅದೇ ಆಫೀಸಿನ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದಕ್ಕೂ 30 ದಿನದ ಗಡುವಿದೆ, ಅದೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ನಮಗೆ ಮೊದಲ ಮೇಲ್ಮನವಿ ಹಾಕಿದ ಮೇಲೆ ಫೋನ್ ಬಂತು, ಬಂದು ಪ್ರತಿ ತಗೊಂಡು ಹೋಗಿ ಅಂತ. ಕಾಗದದ ಸೈಜ್ ದೊಡ್ಡದು, ಅದಕ್ಕೆ ಬೇರೆ ಚಾರ್ಜ್ ಹಾಕ್ತಾರೆ, ಕಟ್ಟಿ ತಗೊಳ್ಳಿ.

ನಕ್ಷೆ ಬಿಡಿಸಿ ನಮ್ಮ ಮನೆ ಹಾಲಲ್ಲಿ ನೆಲದ ಮೇಲೆ ಹಾಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಾವೆಲ್ಲ ಇಷ್ಟು ವರ್ಷ ಪಾರ್ಕ್ ಜಾಗ ಅಂತಿದ್ದದ್ದು ಪಾರ್ಕ್ ಅಲ್ವೇ ಅಲ್ಲ, ಸಿಎ ಸೈಟ್. ನಿಜವಾದ ಪಾರ್ಕ್ ಇದ್ದಿದ್ದು ಬಡಾವಣೆ ಹಿಂದುಗಡೆ ಟ್ರಾನ್ಸ್‌ಫಾರ್ಮರ್ ಆಚೆ, ಅಲ್ಲಿ ಅರ್ಧ ಜಾಗದಲ್ಲಿ ಯಾರೋ ಹಸು ಕಟ್ಟೋಕೆ ಶೀಟ್ ಹಾಕ್ಕೊಂಡಿದ್ರು. ನಾವು 140 ಜನ ಸಹಿ ಹಾಕಿ ಕೇಳಿದ್ದೇ ಬೇರೆ ಜಾಗ!

ಸಿಎಗೂ ಪಾರ್ಕಿಗೂ ವ್ಯತ್ಯಾಸ ಇಲ್ಲಿ ಸರಿಯಾಗಿ ಹೇಳ್ಬೇಕು, ಯಾಕಂದ್ರೆ ಮುಕ್ಕಾಲು ಪಾಲು ಜಗಳ ಆಗೋದು ಇಲ್ಲೇ. ಸಿಎ ಅಂದ್ರೆ ನಾಗರಿಕ ಸೌಲಭ್ಯ ನಿವೇಶನ. ಶಾಲೆ, ಆಸ್ಪತ್ರೆ, ಪೋಸ್ಟಾಫೀಸು, ಸಮುದಾಯ ಭವನ, ಈ ಥರದ್ದಕ್ಕೆ ಪ್ರಾಧಿಕಾರ ಅದನ್ನ ನೋಂದಾಯಿತ ಸಂಘ ಸಂಸ್ಥೆಗಳಿಗೆ ಲೀಸ್ ಕೊಡಬಹುದು, ಲೀಸ್ ಅವಧಿ ಸಾಮಾನ್ಯವಾಗಿ 30 ವರ್ಷ. ಹಾಗಾಗಿ ನಿಮ್ಮ ಎದುರಿಗಿರೋ ಖಾಲಿ ಸಿಎ ಇವತ್ತು ಮಕ್ಕಳ ಮೈದಾನ ಆಗಿದ್ರೂ ನಾಳೆ ಯಾರಿಗೋ ಹಂಚಿಕೆ ಆಗಬಹುದು, ಅದು ತಪ್ಪೇನಲ್ಲ. ನಿಮಗೆ ಒಳಾಂಗಣ ಶಟಲ್, ಯೋಗ ಹಾಲ್, ಲೈಬ್ರರಿ ಈ ಥರ ಕಟ್ಟಡ ಬೇಕು ಅಂದ್ರೆ ಸಿಎ ಸೈಟೇ ಸರಿಯಾದ ಜಾಗ, ಅಸೋಸಿಯೇಷನ್ ರಿಜಿಸ್ಟರ್ ಮಾಡಿಸಿ, ಪ್ರಾಧಿಕಾರ ಸಿಎ ಹಂಚಿಕೆಗೆ ಪ್ರಕಟಣೆ ಕೊಟ್ಟಾಗ ನೀವೂ ಅರ್ಜಿ ಹಾಕಿ, ಆದ್ರೆ ಲೀಸ್ ದುಡ್ಡು ಜೋಡಿಸ್ಬೇಕು.

ಪಾರ್ಕ್ ಹಾಗಲ್ಲ. ಪಾರ್ಕು, ಆಟದ ಮೈದಾನ, ಬಯಲು ಜಾಗ ಕಾಪಾಡೋಕೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ, ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತೀಲಿರೋ ಅಂಥ ಜಾಗಗಳ ಪಟ್ಟಿ ಮಾಡಿ ಇಡ್ಬೇಕು, ಬೇರೆ ಉದ್ದೇಶಕ್ಕೆ ಬಳಸೋಕ್ ಬಿಡಬಾರದು. ನಿಮ್ಮ ಪಾರ್ಕ್ ಆ ಪಟ್ಟೀಲಿದೆಯಾ ಅಂತಲೇ ಒಂದು ಆರ್‌ಟಿಐ ಹಾಕಿ, ಇಲ್ಲ ಅಂತ ಉತ್ತರ ಬಂದ್ರೆ ಸೇರಿಸಿ ಅಂತ ಬರೀರಿ. ಇದರ ಜೊತೆ 1991ರ ಸುಪ್ರೀಂ ಕೋರ್ಟ್ ತೀರ್ಪೊಂದು ಗೊತ್ತಿರ್ಲಿ, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಕೇಸು. ರಾಜಮಹಲ್ ವಿಲಾಸ್ ಬಡಾವಣೇಲಿ ಪಾರ್ಕಿಗೆ ಬಿಟ್ಟಿದ್ದ ಜಾಗಾನ ನರ್ಸಿಂಗ್ ಹೋಂ ಕಟ್ಟೋಕೆ ಖಾಸಗಿ ಟ್ರಸ್ಟಿಗೆ ಕೊಟ್ಟಿದ್ರು, ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋಗಿ ಗೆದ್ರು. ಆಸ್ಪತ್ರೆ ಒಳ್ಳೇದೇ ಅಲ್ವಾ ಅನ್ನೋ ವಾದಾನ ಕೋರ್ಟ್ ಒಪ್ಲಿಲ್ಲ, ಪಾರ್ಕಿನ ಬದಲಿಗೆ ಆಸ್ಪತ್ರೆ ಅಂತ ಆಗಲ್ಲ ಅಂತು, ಅಕ್ಕಪಕ್ಕದಲ್ಲಿ ಇರೋರಿಗೆ ಇದನ್ನ ಪ್ರಶ್ನೆ ಮಾಡೋ ಹಕ್ಕಿದೆ ಅಂತ ಒಪ್ತು. ಯಾರಾದ್ರೂ ‘ನಿಮಗೇನ್ರೀ ಸಂಬಂಧ’ ಅಂದ್ರೆ ಈ ತೀರ್ಪಿನ ಹೆಸರು ಅರ್ಜೀಲಿ ಒಂದು ಸಾಲು ಬರೀರಿ.

ಜಾಗ ಗೊತ್ತಾಯ್ತು. ಅದ್ರಲ್ಲಿ ಏನ್ ಹಿಡಿಸತ್ತೆ ಅನ್ನೋದು ಮುಂದಿನ ಪ್ರಶ್ನೆ, ಟೇಪ್ ಹಿಡ್ಕೊಂಡು ಹೋಗಿ ಅಳೀರಿ. ಶಟಲ್ ಕೋರ್ಟ್ ಗೆರೆಯಿಂದ ಗೆರೆಗೆ 44 ಅಡಿ ಉದ್ದ 20 ಅಡಿ ಅಗಲ, ಅಂದ್ರೆ ನಮಗೆಲ್ಲ ಗೊತ್ತಿರೋ 60-40 ಸೈಟಲ್ಲಿ ಒಂದು ಕೋರ್ಟ್ ಆರಾಮಾಗಿ ಕೂರತ್ತೆ, ಸುತ್ತ ಓಡಾಡೋಕೂ ಜಾಗ ಉಳಿಯತ್ತೆ. ಕಬಡ್ಡಿ ಅಂಕಣ 13 ಮೀಟರ್ ಉದ್ದ 10 ಮೀಟರ್ ಅಗಲ, ಅದೂ 60-40ರೊಳಗೆ ಹಿಡಿಸತ್ತೆ. ವಾಲಿಬಾಲ್ 18 ಮೀಟರ್ ಉದ್ದ 9 ಮೀಟರ್ ಅಗಲ, ಆದ್ರೆ ಸುತ್ತ 3 ಮೀಟರ್ ಬಿಡ್ಬೇಕಾಗಿರೋದ್ರಿಂದ 60-40 ಸಾಲಲ್ಲ. ಖೋಖೋಗೆ ಇನ್ನೂ ದೊಡ್ಡದು ಬೇಕು, 27 ಮೀಟರ್ 16 ಮೀಟರ್. ಹೊರಾಂಗಣ ಕೋರ್ಟ್ ಯಾವುದೇ ಆಗ್ಲಿ ಉದ್ದ ಉತ್ತರ ದಕ್ಷಿಣಕ್ಕೆ ಬರೋ ಹಾಗೆ ಹಾಕ್ಸಿ, ಇಲ್ಲಾಂದ್ರೆ ಸಂಜೆ ಆಡೋ ಮಕ್ಕಳಲ್ಲಿ ಒಂದು ಕಡೆಯವರಿಗೆ ಮುಳುಗೋ ಸೂರ್ಯ ನೇರ ಕಣ್ಣಿಗೇ. ಕಂಟ್ರಾಕ್ಟರ್‌ಗಳು ಇದನ್ನ ಕೇಳೋದೇ ಇಲ್ಲ, ನೀವೇ ಹೇಳ್ಬೇಕು. ಮೇಲೆ ಹೈಟೆನ್ಷನ್ ಲೈನ್ ಹೋಗಿದ್ರೆ ಅದರ ಕೆಳಗೆ ಏನೂ ಹಾಕೋಕ್ ಹೋಗ್ಬೇಡಿ, ಮೊದ್ಲು ಕರೆಂಟ್ ಕಂಪನಿ ಸೆಸ್ಕ್‌ನವರ ಹತ್ರ ಬರಹದಲ್ಲಿ ಕೇಳಿ.

ನನ್ನ ಅಭಿಪ್ರಾಯ ಇಲ್ಲಿ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ ಬಡಾವಣೇಲಿ ಮೀಟಿಂಗ್ ಆದಾಗ ಹಿರಿಯರು ವಾಕಿಂಗ್ ಪಾತ್ ಬೇಕು ಅಂದ್ರು, ಹೆಂಗಸರು ಓಪನ್ ಜಿಮ್ ಅಂದ್ರು, ಹುಡುಗ್ರು ಕ್ರಿಕೆಟ್ ಅಂದ್ರು, ಒಬ್ಬರು ಫೌಂಟನ್ ಅಂದ್ರು. ಎಲ್ಲರ ಆಸೇನೂ ಒಂದೇ ಜಾಗಕ್ಕೆ ತುರುಕಿದ್ರೆ ಸುತ್ತ ಇಂಟರ್‌ಲಾಕ್ ಕಲ್ಲು, ಮಧ್ಯ ಲಾನು, ಲಾನ್ ಮೇಲೆ ‘ಹುಲ್ಲಿನ ಮೇಲೆ ನಡೆಯಬೇಡಿ’ ಬೋರ್ಡು, ಹೀಗಾಗಿ ಕೊನೆಗೆ ಮಕ್ಕಳು ಮತ್ತೆ ರೋಡಿಗೇ ಬರ್ತವೆ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ನಡೆಯೋರನ್ನ ನೋಡಿ, ಲಿಂಗಾಂಬುಧಿ ಕಡೆ ನೋಡಿ, ನಡೆಯೋಕೆ ಮೈಸೂರಲ್ಲಿ ಒಳ್ಳೊಳ್ಳೆ ಜಾಗ ಇದೆ, ನೆರಳಿರೋ ರೋಡುಗಳಿವೆ. ಹತ್ತು ವರ್ಷದ ಮಗು ಒಂದೇ ಅಷ್ಟು ದೂರ ಹೋಗಿ ಲಗೋರಿ ಆಡೋಕಾಗತ್ತಾ? ಅದಕ್ಕೆ ಮನೆ ಹತ್ರ, ಅಮ್ಮನ ಕಣ್ಣಿಗೆ ಕಾಣೋ ದೂರದಲ್ಲಿ, ಏನೂ ಕಟ್ಟದೆ ಬಿಟ್ಟಿರೋ ಮಟ್ಟಸವಾದ ಮಣ್ಣಿನ ಜಾಗ ಬೇಕು. ಅದಕ್ಕೆ ಖರ್ಚೂ ಕಮ್ಮಿ. ನಾವು ಕೊನೆಗೆ ಒಪ್ಪಿಕೊಂಡಿದ್ದು ಅಂಚಲ್ಲಿ ಕಿರಿದಾದ ನಡಿಗೆ ದಾರಿ, ಒಂದು ಮೂಲೇಲಿ ಶಟಲ್ ಕೋರ್ಟು, ಉಳಿದಿದ್ದು ಬಯಲು. ಸುತ್ತ ಹೊಂಗೆ, ಬೇವು ನೆಟ್ವಿ.

ಲೆಕ್ಕ ಕೊಡೋಕೆ ಒಂದು ಆಧಾರ ಇರ್ಲಿ ಅಂದ್ರೆ ನಗರ ಯೋಜನೆಗೆ ಅಂತ ಇರೋ ಕೇಂದ್ರ ಸರ್ಕಾರದ ಯುಆರ್‌ಡಿಪಿಎಫ್‌ಐ ಮಾರ್ಗಸೂಚಿ ನೋಡಿ, ನಗರದಲ್ಲಿ ಒಬ್ಬರಿಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರ್ಬೇಕು ಅನ್ನತ್ತೆ ಅದು. ಇಡೀ ಊರಿಗೆ ಅನ್ವಯ ಆಗೋ ಲೆಕ್ಕ ಅದು, ನಿಮ್ಮ ಒಂದು ಬಡಾವಣೆಗೇ ಅಂತಲ್ಲ, ಆದ್ರೂ ನಿಮ್ಮ ಏರಿಯಾದ ಮನೆ ಎಷ್ಟು, ಜನ ಎಷ್ಟು, ಇರೋ ಪಾರ್ಕ್ ಎಷ್ಟು ಚದರ ಮೀಟರ್ ಅಂತ ಮೂರು ಸಾಲಲ್ಲಿ ಬರೆದು ಕೊಟ್ರೆ ಓದೋರು ಗಮನ ಕೊಡ್ತಾರೆ.

ಈಗ ಅರ್ಜಿ ಬರೀರಿ. ಒಂದೇ ಪುಟ. ಮೇಲೆ ಸರ್ವೆ ನಂಬರ್, ನಕ್ಷೆಯ ಅನುಮೋದನೆ ನಂಬರ್ ಮತ್ತು ದಿನಾಂಕ, ಪಾರ್ಕಿನ ಅಳತೆ, ಹಸ್ತಾಂತರ ಆದ ಆದೇಶ. ಆಮೇಲೆ ಏನ್ ಬೇಕು ಅನ್ನೋದು ಮೂರೇ ಮಾತಲ್ಲಿ. ನಕ್ಷೆ ಜೆರಾಕ್ಸ್, ಈಗಿನ ಸ್ಥಿತಿಯ ಫೋಟೋ, ಸಹಿ ಹಾಳೆ ಲಗತ್ತಿಸಿ. ಆಯುಕ್ತರಿಗೆ ಒಂದು, ವಲಯ ಕಚೇರಿಗೆ ಒಂದು, ತೋಟಗಾರಿಕೆ ವಿಭಾಗಕ್ಕೆ ಒಂದು, ಶಾಸಕರ ಕಚೇರಿಗೆ ಒಂದು. ಪ್ರತಿಯೊಂದಕ್ಕೂ ನಿಮ್ಮ ಪ್ರತಿ ಮೇಲೆ ಸೀಲು ಮತ್ತು ಇನ್‌ವರ್ಡ್ ನಂಬರ್ ಹಾಕಿಸ್ಕೊಂಡೇ ಬನ್ನಿ, ಸೀಲ್ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೇನೇ, ನಮ್ಮ ಮೊದಲ ಅರ್ಜಿಗೆ ಆಗಿದ್ದು ಅದೇ.

ಟೈಮಿಂಗ್ ಮುಖ್ಯ. ಬಜೆಟ್ ವರ್ಷ ಏಪ್ರಿಲ್‌ನಿಂದ ಶುರು, ಅದಕ್ಕೆ ತಯಾರಿ ಅದಕ್ಕೂ ಮುಂಚೆ ಕೆಲವು ತಿಂಗಳಿಂದ ನಡೀತಿರತ್ತೆ, ದಸರಾ ಗಲಾಟೆ ಮುಗಿದ ತಕ್ಷಣ ಕೊಟ್ರೆ ಸರಿ ಹೋಗತ್ತೆ. ದಸರಾ ಟೈಮಲ್ಲಿ ಮೈಸೂರಲ್ಲಿ ಯಾವ ಫೈಲೂ ಕದಲಲ್ಲ, ಪಾಪ ಅವರಿಗೂ ಪುರುಸೊತ್ತಿರಲ್ಲ. ಚುನಾವಣೆ ನೀತಿ ಸಂಹಿತೆ ಬಂದ್ರೆ ಹೊಸ ಕೆಲಸ ಎಲ್ಲಾ ನಿಲ್ಲತ್ತೆ, ಅದನ್ನೂ ಲೆಕ್ಕ ಹಾಕ್ಕೊಳ್ಳಿ. ಪಾಲಿಕೆ ದುಡ್ಡಿಲ್ಲ ಅಂದ್ರೆ ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇರತ್ತೆ, ಓಪನ್ ಜಿಮ್ ಸಾಮಾನು, ಕಾಂಪೌಂಡ್ ಈ ಥರದ್ದು ಅದ್ರಲ್ಲಿ ಆಗತ್ತೆ. ಆದ್ರೆ ಅಲ್ಲೂ ಜಾಗ ಸಾರ್ವಜನಿಕರದ್ದು ಅನ್ನೋ ದಾಖಲೆ ಕೇಳ್ತಾರೆ. ಮಂಡ್ಯ, ಪಾಂಡವಪುರ, ಮದ್ದೂರು ಕಡೆ ಹಳ್ಳಿಗಳೋರು ಗ್ರಾಮ ಪಂಚಾಯ್ತಿ ಕ್ರಿಯಾ ಯೋಜನೆಗೆ ಸೇರಿಸೋಕೆ ಗ್ರಾಮಸಭೇಲೇ ಎದ್ದು ನಿಂತು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ನರೇಗಾದಲ್ಲಿ ಎಷ್ಟೋ ಸರ್ಕಾರಿ ಶಾಲೆ ಮೈದಾನ, ಕಾಂಪೌಂಡು ಆಗಿದ್ದು ಹೀಗೇ. ಶಾಲೆ ಮೈದಾನಾನ ಸಂಜೆ ಊರ ಮಕ್ಕಳಿಗೆ ತೆಗೆದುಬಿಡೋದಕ್ಕೆ ಎಸ್‌ಡಿಎಂಸೀಲಿ, ಅಂದ್ರೆ ಶಾಲೆ ಅಭಿವೃದ್ಧಿ ಸಮಿತೀಲಿ, ಮಾತಾಡಿ ಒಪ್ಪಿಸಿದ್ರೆ ಹೊಸ ಜಾಗಾನೇ ಬೇಕಿರಲ್ಲ ಎಷ್ಟೋ ಕಡೆ.

ಪ್ಲಾನಲ್ಲೇ ಬರ್ಬೇಕಾದ ಎರಡು ವಿಷಯ, ಆಮೇಲೆ ಸೇರಿಸೋಣ ಅಂದ್ರೆ ಆಗೋದೇ ಇಲ್ಲ. ಒಂದು ಶೌಚಾಲಯ. ಅದಿಲ್ದಿದ್ರೆ ಹೆಣ್ಮಕ್ಕಳು ಅರ್ಧ ಗಂಟೆ ಮೇಲೆ ಅಲ್ಲಿರಲ್ಲ, ವಯಸ್ಸಾದವರೂ ಇರಲ್ಲ. ಇನ್ನೊಂದು ಗೇಟು. ಬೈಕ್ ನುಗ್ಗದಿರ್ಲಿ ಅಂತ ಸುತ್ತೋ ಗೇಟ್ ಹಾಕ್ತಾರೆ, ಅದ್ರಲ್ಲಿ ಗಾಲಿಕುರ್ಚಿ ಹೋಗಲ್ಲ. ರ‍್ಯಾಂಪ್ 1:12 ಇಳಿಜಾರಲ್ಲಿ ಇರ್ಬೇಕು, ಅಂದ್ರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಸ್ಥಳೀಯ ಸಂಸ್ಥೆಗಳ ಬಜೆಟ್ಟಲ್ಲಿ ಅಂಗವಿಕಲರ ಕಲ್ಯಾಣಕ್ಕೆ ಅಂತಾನೇ ಶೇ. 5 ಮೀಸಲಿರತ್ತೆ, ರ‍್ಯಾಂಪಿಗೆ ಅದನ್ನ ಕೇಳಿ. ಕೆಲಸಕ್ಕೆ ಮರ ಅಡ್ಡ ಬಂದ್ರೆ ಕಡಿಯೋಕೆ ಮುಂಚೆ ಪ್ಲಾನ್ ತಿರುಗಿಸೋಕಾಗತ್ತಾ ನೋಡಿ, ಕಡೀಲೇಬೇಕಾದ್ರೆ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆ ಟ್ರೀ ಆಫೀಸರ್ ಅನುಮತಿ ಬೇಕು.

ಇನ್ನು ಖಾಸಗಿಯವರು ಮಾಡೋ ಟರ್ಫು, ಜಿಮ್ಮು, ಈಜುಕೊಳದ ವಿಷಯ. ನಾನು ಇವುಗಳ ವಿರುದ್ಧ ಇಲ್ಲ, ನನ್ನ ಮಗಳೇ ದುಡ್ಡು ಕೊಟ್ಟು ಶಟಲ್ ಆಡೋಕ್ ಹೋಗ್ತಾಳೆ. ಆದ್ರೆ ಜಾಗ ಸರಿ ಇರ್ಬೇಕು. ನೀವೇ ಮಾಡೋರಾದ್ರೂ, ಪಕ್ಕದಲ್ಲಿ ಇರೋರಾದ್ರೂ ನೋಡ್ಬೇಕಾಗಿದ್ದು ಮಾಸ್ಟರ್ ಪ್ಲಾನ್. ಮೈಸೂರು ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶಕ್ಕೆ 2031ರ ಮಹಾಯೋಜನೆ ಇದೆ. ಭೂಬಳಕೆ ನಕ್ಷೇಲಿ ಹಳದಿ ಅಂದ್ರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಅರೆಸಾರ್ವಜನಿಕ, ಹಸಿರು ಉದ್ಯಾನ ಮತ್ತು ಬಯಲು. ಅದರ ಜೊತೆಗಿರೋ ವಲಯ ನಿಯಮಾವಳೀಲಿ ಯಾವ ಬಣ್ಣದಲ್ಲಿ ಏನೇನು ಮಾಡಬಹುದು, ಎದುರಿನ ರೋಡ್ ಎಷ್ಟು ಅಗಲ ಇರ್ಬೇಕು, ಪಾರ್ಕಿಂಗ್ ಎಷ್ಟು ಬಿಡ್ಬೇಕು ಅಂತ ಬರೆದಿರತ್ತೆ. ಹಳದಿ ಜಾಗದಲ್ಲಿ 30 ಅಡಿ ರೋಡಲ್ಲಿ ರಾತ್ರಿ ಪೂರ್ತಿ ಫ್ಲಡ್‌ಲೈಟ್ ಹಾಕಿ ಆಡಿಸೋದಕ್ಕೆ ಯಾರು ಪರವಾನಗಿ ಕೊಟ್ರು ಅಂತ ಕೇಳೋ ಹಕ್ಕು ಪಕ್ಕದ ಮನೆಯವರಿಗಿದೆ. ಪಾಲಿಕೆಯಿಂದ ಉದ್ದಿಮೆ ಪರವಾನಗಿ ಇದೆಯಾ ಕೇಳಿ. ಸದ್ದಿಗೆ 2000ದ ಶಬ್ದಮಾಲಿನ್ಯ ನಿಯಮ ಇದೆ, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45. ನೀವು ಟರ್ಫ್ ಮಾಡೋರಾದ್ರೆ ರಾತ್ರಿ 10ಕ್ಕೆ ಲೈಟ್ ಆರಿಸ್ತೀನಿ ಅಂತ ಮೊದಲ ದಿನಾನೇ ಅಕ್ಕಪಕ್ಕದವರಿಗೆ ಹೇಳಿ, ಹಾಗೇ ನಡ್ಕೊಳ್ಳಿ.

ಈಜುಕೊಳ ಇರೋ ಕಡೆ ತರಬೇತಿ ಆದ ಲೈಫ್‌ಗಾರ್ಡ್, ಆಳ ಬರೆದ ಬೋರ್ಡು ಇಲ್ಲದೆ ಮಕ್ಕಳನ್ನ ಇಳಿಸ್ಬೇಡಿ. 2024ರ ನವೆಂಬರ್‌ನಲ್ಲಿ ಉಳ್ಳಾಲದ ಹತ್ರ ರೆಸಾರ್ಟ್ ಕೊಳದಲ್ಲಿ ನಮ್ಮ ಮೈಸೂರಿನ ಮೂರು ಹೆಣ್ಮಕ್ಕಳು ಹೋಗಿಬಿಟ್ರು, ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಸಂಕಟ ಆಗತ್ತೆ.

ಮಂಡ್ಯ ಕಡೆ ಗದ್ದೇಲಿ ರೆಸಾರ್ಟು, ಟರ್ಫು ಮಾಡೋರು ಜಾಸ್ತಿ ಆಗಿದಾರೆ. ಕೃಷಿ ಜಮೀನನ್ನ ಬೇರೆ ಕೆಲಸಕ್ಕೆ ಬಳಸೋಕೆ 1964ರ ಭೂಕಂದಾಯ ಕಾಯ್ದೆ 95ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಭೂ ಪರಿವರ್ತನೆ ಆಗ್ಬೇಕು, ಅದು ಜಿಲ್ಲಾಧಿಕಾರಿ ಹಂತದ್ದು. ಪರಿವರ್ತನೆ ಆಗಿದೆ ಅಂದ್ರೆ ಸಾಲದು, ಯಾವ ಉದ್ದೇಶಕ್ಕೆ ಆಗಿದೆ ಅಂತ ಆದೇಶದಲ್ಲಿ ಓದಿ, ವಸತಿಗೆ ಅಂತ ಮಾಡಿಸಿ ವಾಣಿಜ್ಯಕ್ಕೆ ಬಳಸಂಗಿಲ್ಲ. ನಾಲೆ ಪಕ್ಕ ಆದ್ರೆ ನೀರಾವರಿಯವರನ್ನೂ ಕೇಳಿ. ಶ್ರೀರಂಗಪಟ್ಟಣದಲ್ಲಂತೂ ಇನ್ನೂ ಎಚ್ಚರ ಬೇಕು, ಕೋಟೆ, ದರಿಯಾ ದೌಲತ್, ಗುಂಬಜ್ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಿತ ಸ್ಮಾರಕಗಳು, ಅವುಗಳಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಇಲ್ಲದೆ ಕಟ್ಟಂಗಿಲ್ಲ. ಹತ್ರದಲ್ಲೇ ರಂಗನತಿಟ್ಟು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗ, ಅಲ್ಲಿ ಅರಣ್ಯ ಇಲಾಖೆ ಮಾತೂ ಇರತ್ತೆ. ಕೆಆರ್‌ಎಸ್ ಬೃಂದಾವನದಲ್ಲಿ ಅಮ್ಯೂಸ್‌ಮೆಂಟ್ ಪಾರ್ಕ್ ಮಾಡೋ ಸರ್ಕಾರದ ಯೋಜನೆಗೆ 2025ರಲ್ಲಿ ರೈತ ಸಂಘಟನೆಗಳು ಎದ್ದು ನಿಂತಿದ್ದು ಎಲ್ರೂ ನೋಡಿದೀವಿ, ಅಣೆಕಟ್ಟಿನ ಸುರಕ್ಷತೆ ಮೊದಲು ಅನ್ನೋದು ಅವರ ವಾದ. ನನಗೂ ಅದೇ ಸರಿ ಅನ್ಸತ್ತೆ, ಮನರಂಜನೆಗೆ ಬೇರೆ ಜಾಗ ಹುಡುಕಬಹುದು, ಕಟ್ಟೆ ಇನ್ನೊಂದು ಕಟ್ಟೋಕಾಗಲ್ಲ.

ಪ್ರತಿ ಬಡಾವಣೆಯೋರೂ ಮಾಡ್ಬೇಕಾದ ಒಂದು ಕೆಲಸ ಇದೆ, ಯಾರೂ ಮಾಡಲ್ಲ. ಮಾಸ್ಟರ್ ಪ್ಲಾನ್ ಪರಿಷ್ಕರಣೆ ಆಗುವಾಗ ಕರಡು ಪ್ರಕಟ ಮಾಡಿ 60 ದಿನ ಸಾರ್ವಜನಿಕರ ಆಕ್ಷೇಪಣೆ ಕರೀತಾರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೇಲಿರೋ ಅವಕಾಶ ಅದು. ಆ 60 ದಿನದಲ್ಲಿ ಹೋಗಿ ನಕ್ಷೆ ನೋಡಿ, ನಿಮ್ಮ ಮೈದಾನದ ಜಾಗ ಹಸಿರಿದೆಯಾ, ಇಲ್ಲಾ ಹಳದಿ ನೀಲಿ ಆಗಿಬಿಟ್ಟಿದೆಯಾ ಅಂತ. ಹಸಿರಾಗ್ಲಿ ಅಂತ ಬರೆದುಕೊಡಿ. ಆಗ ಒಂದು ಕಾಗದದಲ್ಲಿ ಆಗೋ ಕೆಲಸಕ್ಕೆ ಆಮೇಲೆ ಹತ್ತು ವರ್ಷ ಕೋರ್ಟು. ಮಧ್ಯದಲ್ಲಿ ಯಾರಾದ್ರೂ ಅದೇ ಕಾಯ್ದೆಯ 14ಎ ಸೆಕ್ಷನ್ ಕೆಳಗೆ ಭೂಬಳಕೆ ಬದಲಾವಣೆ ಕೇಳಿದ್ರೆ ಪೇಪರಲ್ಲಿ ಪ್ರಕಟಣೆ ಬರತ್ತೆ, ಮೈಸೂರು ಮಿತ್ರ, ಆಂದೋಲನ ಇಂಥ ಪೇಪರಲ್ಲಿ ಸಣ್ಣ ಅಕ್ಷರದಲ್ಲಿ, ಕೊನೇ ದಿನಾಂಕ ಅದ್ರಲ್ಲೇ ಇರತ್ತೆ. ನಮ್ಮ ಅಸೋಸಿಯೇಷನಲ್ಲಿ ಬೆಳಗ್ಗೆ ಕಾಫಿ ಜೊತೆ ಆ ಪ್ರಕಟಣೆ ಓದೋ ಜವಾಬ್ದಾರೀನ ರಿಟೈರ್ಡ್ ಮೇಷ್ಟ್ರೊಬ್ರು ತಗೊಂಡಿದಾರೆ, ಇಂಥವರೊಬ್ರು ನಿಮ್ಮಲ್ಲೂ ಇದ್ದೇ ಇರ್ತಾರೆ, ಕೇಳಿನೋಡಿ.

ನಮ್ಮ ಪಾರ್ಕ್ ಈಗ ಆಗಿದೆ. ಹಸುವಿನ ಶೀಟ್ ತೆಗೆಸೋಕೆ ಆ ಮನೆಯವರ ಜೊತೆ ಕೂತು ಮಾತಾಡಿದ್ವಿ, ನಕ್ಷೆ ತೋರಿಸಿದ್ವಿ, ಅವರೇ ಬೇರೆ ಕಡೆ ಕಟ್ಕೊಂಡ್ರು, ಕಂಪ್ಲೇಂಟ್ ತನಕ ಹೋಗ್ಲಿಲ್ಲ. ಗೇಟಿನ ಬೀಗದ ಕೈ ಎರಡು ಮನೇಲಿದೆ, ಬೆಳಗ್ಗೆ 5:30ಕ್ಕೆ ತೆಗೆಯೋರು ಒಬ್ರು, ರಾತ್ರಿ 8:30ಕ್ಕೆ ಹಾಕೋರು ಒಬ್ರು. ಸಂಜೆ 4ರಿಂದ 6:30 ಬಯಲು ಮಕ್ಕಳಿಗೇ, ಆ ಹೊತ್ತಲ್ಲಿ ದೊಡ್ಡವರ ಕ್ರಿಕೆಟ್ ಇಲ್ಲ. ನಕ್ಷೆ, ಡೀಡು, ಆರ್‌ಟಿಐ ಉತ್ತರ, ಸೀಲ್ ಹಾಕಿದ ಪ್ರತಿಗಳು ಎಲ್ಲಾ ಒಂದೇ ಫೈಲಲ್ಲಿಟ್ಟು ಮೂರು ಸೆಟ್ ಮಾಡಿದೀವಿ, ಒಂದು ಸೆಕ್ರೆಟರಿ ಹತ್ರ, ಒಂದು ನಮ್ಮ ಮನೇಲಿ, ಮೂರನೇದು ಮೊಣಕೈ ಮುರ್ಕೊಂಡಿದ್ದ ಆ ಹುಡುಗನ ಮನೇಲಿ, ಅವನೀಗ ಪಿಯುಸಿ, ಮುಂದಿನ ವರ್ಷದ ಕಮಿಟೀಗೆ ಅವನನ್ನೂ ಸೇರಿಸ್ಕೋತಿದೀವಿ.